ಕೀ ತೆಗೆದ್ಮೇಲೂ ಡ್ಯಾಶ್‌ಬೋರ್ಡ್ ಒಳಗೆ ಟಿಕ್-ಟಕ್ ಸದ್ದು, ಎರಡು ರಿಲೇ ಬದಲಾಯ್ಸಿದ್ರೂ ನಿಂತಿಲ್ಲ

ಹಳೇಗಾಡಿ_03:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ, ಅರ್ಧ ವಿಷ್ಯ ಹೇಳಿದ್ರೆ ಅರ್ಧ ಉತ್ತರಾನೇ ಸಿಗೋದು ಅಂತ ಗೊತ್ತು.

ನನ್ನದು 2003ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾನು ತಗೊಳ್ಳೋ ಹೊತ್ತಿಗೆ ಅದಕ್ಕೆ ಇಬ್ರು ಓನರ್ ಆಗೋಗಿದ್ರು. ಇಂಜಿನ್ ಬಗ್ಗೆ ಒಂದು ಮಾತಿಲ್ಲ. ಮೂರು ವಾರದಿಂದ ಒಂದು ಸದ್ದು ಶುರುವಾಗಿದೆ, ಡ್ಯಾಶ್‌ಬೋರ್ಡ್ ಒಳಗಿಂದ, ಡ್ರೈವರ್ ಮೊಣಕಾಲು ಬರುತ್ತಲ್ಲ ಅಲ್ಲೆಲ್ಲೋ, ಟಿಕ್... ಟಕ್, ಟಿಕ್... ಟಕ್ ಅಂತ. ಓಡಿಸುವಾಗ ಬರುತ್ತೋ ಇಲ್ವೋ ಹೇಳಕ್ಕಾಗಲ್ಲ, ಇಂಜಿನ್ ಸದ್ದಲ್ಲಿ ಮುಚ್ಚೋಗಿರ್ಬೋದು, ಆದ್ರೆ ಗಾಡಿ ನಿಲ್ಸಿ ಕೀ ತೆಗೆದು ಕೈಯಲ್ಲಿ ಹಿಡ್ಕೊಂಡು ಕೂತಿದ್ರೂ ಬರುತ್ತೆ, ಅದೇ ನಂಗೆ ತಲೆ ಕೆಡ್ಸಿರೋದು, ಕೀ ತೆಗೆದ್ಮೇಲೆ ಒಳಗೆ ಯಾರಿಗೆ ಏನ್ ಕೆಲಸ? ಕೆಲವು ಸಲ ಹತ್ತು ನಿಮಿಷ ಉಸಿರೇ ಇರಲ್ಲ, ಹೋಯ್ತಪ್ಪ ಅಂತ ಇಳಿಯಕ್ಕೆ ಹೋದ್ರೆ ಏಳೆಂಟು ಸಲ ಬಿಡದೆ ಬಡ್ಕೊಳ್ಳುತ್ತೆ. ಮಳೆ ಬಂದ ದಿನ ಜಾಸ್ತಿ. ರಾತ್ರಿ ಊರೆಲ್ಲ ಮಲಗಿದ್ಮೇಲೆ ಗಾಡಿ ಪಕ್ಕ ನಿಂತ್ರೆ ಗಾಜು ಏರ್ಸಿದ್ರೂ ಹೊರಗೇ ಕೇಳ್ಸುತ್ತೆ.

ಇದರ ಜೊತೆಗೆ ಇನ್ನೊಂದು. ಎರಡ್ ಮೂರು ದಿನ ಗಾಡಿ ತೆಗೀದೆ ಬಿಟ್ರೆ ಬ್ಯಾಟರಿ ಸುಸ್ತಾಗಿರುತ್ತೆ, ಸೆಲ್ಫ್ ಎಳ್ಯಕ್ಕೆ ಒದ್ದಾಡುತ್ತೆ. ಎರಡಕ್ಕೂ ಕಾರಣ ಒಂದೇ ಅಂತ ನನ್ನ ಲೆಕ್ಕ.

ಇಲ್ಲೀವರ್ಗೂ ಮಾಡಿರೋದು: ಹಾರ್ನ್ ರಿಲೇ, ಹೆಡ್‌ಲೈಟ್ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಸ್ವಿಚ್ ಡಬ್ಬಿಗಳು) ಎರಡೂ ಹೊಸದು ಹಾಕ್ದೆ. ಇಂಡಿಕೇಟರ್ ಫ್ಲ್ಯಾಶರ್ ಕಿತ್ತು ಪಕ್ಕಕ್ಕಿಟ್ಟು ನೋಡ್ದೆ. ಸದ್ದಿಗೆ ಏನೂ ಅನ್ಸೇ ಇಲ್ಲ. ಮಲ್ಟಿಮೀಟರ್ ಇದೆ, ವೋಲ್ಟ್ ನೋಡಕ್ ಬರುತ್ತೆ, ಆಂಪಿಯರ್ ಕಡೆ ಇನ್ನೂ ಕೈ ಹಾಕಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಸ್ಪಾನರ್_10:

ಬ್ಯಾಟರಿ ಚೇಂಜ್ ಮಾಡಿ ಗುರು. ಹಳೇ ಗಾಡೀಲಿ ಟಿಕ್ ಟಿಕ್ ಅಂದ್ರೆ ಹತ್ತಕ್ಕೆ ಒಂಬತ್ತು ಸಲ ಬ್ಯಾಟರಿನೇ. ಇಷ್ಟೇ ವಿಷ್ಯ.

ವೈರಿಂಗ್_ಹುಳ:

ಬ್ಯಾಟರಿ ಅಂತ ಹೇಳೋದು ಸುಲಭ, ಆದ್ರೆ ಇಲ್ಲಿ ಅದು ಸರಿ ಕೂರಲ್ಲ, ಯಾಕೆ ಅಂತ ಹೇಳ್ತೀನಿ. ಬ್ಯಾಟರಿ ವೀಕ್ ಇದ್ದಾಗ ಬರೋ ಸದ್ದು ಟಕಟಕಟಕಟಕ ಅಂತ ಮಷಿನ್ ಥರ ಬರುತ್ತೆ, ಅದೂ ನೀವು ದೊಡ್ಡ ಲೋಡ್ (ಸೆಲ್ಫ್ ಥರ ಜಾಸ್ತಿ ಕರೆಂಟ್ ಎಳೆಯೋದು) ಏನಾದ್ರೂ ಕೇಳಿದಾಗ. ರಿಲೇ ಎಳ್ಕೊಳ್ಳುತ್ತೆ, ಎಳ್ಕೊಂಡ ತಕ್ಷಣ ಲೋಡ್ ಬಿದ್ದು ವೋಲ್ಟೇಜ್ ಕುಸಿಯುತ್ತೆ, ಕುಸಿದ್ರೆ ಕಾಯಿಲ್‌ಗೆ (ರಿಲೇ ಒಳಗೆ ಸುತ್ತಿರೋ ತಂತಿ, ಕರೆಂಟ್ ಹೋದಾಗ ಅಯಸ್ಕಾಂತ ಆಗೋದು) ಹಿಡ್ಕೊಳ್ಳೋ ಶಕ್ತಿ ಸಾಲಲ್ಲ, ಬಿಟ್ಬಿಡುತ್ತೆ, ಬಿಟ್ರೆ ಲೋಡ್ ಹೋಗಿ ವೋಲ್ಟೇಜ್ ಮತ್ತೆ ಏರುತ್ತೆ, ಮತ್ತೆ ಎಳ್ಕೊಳ್ಳುತ್ತೆ, ಹಿಂಗೇ ಸುತ್ತು. 12 ವೋಲ್ಟಿನ ರಿಲೇ ಎಳ್ಕೊಳ್ಳಕ್ಕೆ ಸುಮಾರು 7-8 ವೋಲ್ಟ್ ಇದ್ರೂ ಸಾಕು. ನಿಮ್ಮ ಗಾಡಿ ಸುಮ್ನೆ ನಿಂತಿದೆ, ಕೀ ನಿಮ್ಮ ಕೈಯಲ್ಲಿದೆ, ಬ್ಯಾಟರಿ ಎಷ್ಟೇ ಸುಸ್ತಾಗಿದ್ರೂ 12ರ ಆಸುಪಾಸಲ್ಲಿ ಇರುತ್ತೆ, ರಿಲೇಗೆ ಹಿಂಗೆ ಒದ್ದಾಡೋ ಗತಿ ಬರಲ್ಲ.

ಎರಡನೇದು, ರಿಲೇ ಬದಲಾಯ್ಸಿದ್ರಿ ಅಂದ್ರಲ್ಲ. ಎಲ್ರೂ ಮೊದಲು ಮಾಡೋದು ಅದನ್ನೇ, ನಾನೂ ಮಾಡಿದೀನಿ. ಆದ್ರೆ ರಿಲೇ ಅನ್ನೋದು ಆಳು ಇದ್ದಂಗೆ, ಧಣಿ ಕರೆದಾಗೆಲ್ಲ ಎದ್ದು ಬರುತ್ತೆ. ನೀವು ಇಬ್ರು ಆಳುಗಳನ್ನ ಬದಲಾಯ್ಸಿದ್ರಿ (ಅದೂ ತಪ್ಪೇ ಮಾಡದವ್ರನ್ನ), ಸರಿರಾತ್ರೀಲಿ ಕರೀತಿರೋ ಧಣಿ ಯಾರು ಅಂತ ನೋಡ್ಲಿಲ್ಲ. ರಿಲೇ ಅಡೀಲಿ ನಂಬರ್ ಇರುತ್ತೆ ನೋಡಿ, 30, 87, 85, 86, ಇದು ಜರ್ಮನಿಯ ಡಿನ್ 72552 ಸ್ಟ್ಯಾಂಡರ್ಡ್, ತುಂಬಾ ಕಂಪನಿಗಳು ಇದನ್ನೇ ಹಾಕ್ತಾರೆ. 30ಕ್ಕೆ ಬ್ಯಾಟರಿ ಪ್ಲಸ್ ಬರುತ್ತೆ, 87ರಿಂದ ಲೋಡ್‌ಗೆ ಹೋಗುತ್ತೆ. 85, 86 ಎರಡೂ ಕಾಯಿಲ್ಲಿನ ತುದಿ. ಕ್ಲಿಕ್ ಅಂತಿದೆ ಅಂದ್ರೆ ಈ 85-86 ಮಧ್ಯೆ ಯಾರೋ ಕರೆಂಟ್ ಕೊಡ್ತಿದಾರೆ, ತೆಗೀತಿದಾರೆ. ಹುಡುಕ್ಬೇಕಾಗಿರೋದು ಆ ಯಾರೋ ಒಬ್ಬನ್ನ: ಒಂದು ಸ್ವಿಚ್ಚಾ, ಒಂದು ಸೆನ್ಸರ್ರಾ, ಇಲ್ಲ ಎಲ್ಲೋ ಸಿಪ್ಪೆ ಸುಲಿದ ವೈರಾ.

ಈಗ ಆಂಪಿಯರ್ ನೋಡೋದು ಹೆಂಗೆ ಅಂದ್ರೆ, ಎಲ್ಲಾ ಆಫ್ ಮಾಡಿ, ಬಾನೆಟ್ ಎತ್ತಿ ಬ್ಯಾಟರಿ ನೆಗೆಟಿವ್ ಕೇಬಲ್ ಬಿಚ್ಚಿ, ಮೀಟರಿನ ಕೆಂಪು ವೈರನ್ನ 10 ಆಂಪಿಯರ್ ತೂತಿಗೆ ಬದಲಾಯ್ಸಿ (ಇದನ್ನ ಮರೆತು ಎಷ್ಟು ಜನ ಮೀಟರ್ ಫ್ಯೂಸ್ ಸುಟ್ಕೊಂಡಿದಾರೋ), ಬ್ಯಾಟರಿ ನೆಗೆಟಿವ್ ತಲೆಗೂ ಬಿಚ್ಚಿದ ಕೇಬಲ್‌ಗೂ ಮಧ್ಯೆ ಮೀಟರ್ ಸೇರ್ಸಿ. ಬಾಗ್ಲು ತೆಗೆದೇ ಇಟ್ಕೊಂಡು ಬಾಗಿಲಿನ ಲಾಚನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿದಂಗೆ ಮಾಡಿ, ಬಾಗಿಲಿನ ಸ್ವಿಚ್ ಕಂಬದಲ್ಲಿದ್ರೆ ಅದನ್ನೂ ಒತ್ತಿ ಟೇಪ್ ಹಾಕಿ, ಇಲ್ಲಾಂದ್ರೆ ಮೇಲಿನ ಲೈಟ್ ಉರೀತಾ ಇದ್ದು ಅದನ್ನೇ ಅಳೀತಿರ್ತೀರ. ಮೀಟರ್ ಹಿಂಗೆ ಸೇರ್ಸಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೀಬೇಡಿ, ನೂರಾರು ಆಂಪಿಯರ್ ಅದರ ಮೂಲಕ ಹಾಯಕ್ಕೆ ನೋಡುತ್ತೆ. ಅರ್ಧ ಗಂಟೆ ಬಿಡಿ, ಎಲ್ಲಾ ಮಲಗ್ಲಿ. ಆಮೇಲೆ ನೋಡಿದ್ರೆ 50 ಮಿಲಿಆಂಪಿಯರ್ ಒಳಗೆ ಇರ್ಬೇಕು, ಈ ವಯಸ್ಸಿನ ಗಾಡಿಗೆ ಇನ್ನೂ ಕಮ್ಮಿನೇ ಇರುತ್ತೆ. ಕ್ಲಿಕ್ ಅಂದಾಗ ಅಂಕಿ ಎಷ್ಟಕ್ಕೆ ಹಾರುತ್ತೆ ನೋಡ್ಕೊಳ್ಳಿ. ಆಮೇಲೆ ಒಂದೊಂದೇ ಫ್ಯೂಸ್ ಕೀಳ್ತಾ ಹೋಗಿ, ಯಾವ್ದು ಕಿತ್ತಾಗ ಸದ್ದು ನಿಲ್ಲುತ್ತೆ ಅಂತ. ಏರ್‌ಬ್ಯಾಗ್ ಇದ್ರೆ ಅದರ ಹಳದಿ ಕನೆಕ್ಟರ್ ಕಡೆ ಮಾತ್ರ ಹೋಗ್ಬೇಡಿ.

ಇನ್ನೊಂದು, ಹಿಂದಿನ ಓನರ್‌ಗಳು ಹೊರಗಡೆ ಏನಾದ್ರೂ ಹಾಕ್ಸಿದ್ರಾ? ಅಲಾರಂ, ಸೆಂಟ್ರಲ್ ಲಾಕಿಂಗ್, ಆಂಪ್ಲಿಫೈಯರ್, ಫಾಗ್ ಲ್ಯಾಂಪ್, ಇಂಥವು?

ಸ್ಟಾರ್ಟ್_ಆಗಲ್ಲ:

ಮಧ್ಯೆ ಬಂದಿದ್ದಕ್ಕೆ ಸಾರಿ. ನನ್ ಗಾಡೀಲೂ ಕ್ಲಿಕ್ ಸದ್ದೇ, ಆದ್ರೆ ಕೀ ತಿರುಗಿಸಿದಾಗ ಮಾತ್ರ. ಒಂದೇ ಒಂದ್ ಸಲ ಟಕ್ ಅನ್ನುತ್ತೆ, ಇಂಜಿನ್ ತಿರುಗಲ್ಲ, ಲೈಟ್ ಮಂಕಾಗಲ್ಲ. ಆರೇಳು ಸಲ ತಿರುಗ್ಸಿದ್ರೆ ಏನೂ ಆಗಿಲ್ಲ ಅನ್ನಂಗೆ ಸ್ಟಾರ್ಟ್ ಆಗುತ್ತೆ. ಇದೂ ರಿಲೇನಾ?

ವೈರಿಂಗ್_ಹುಳ:

@ಸ್ಟಾರ್ಟ್_ಆಗಲ್ಲ ನಿಮ್ದು ಬೇರೆ ಕಥೆ. ಲೈಟ್ ಮಂಕಾಗ್ದೆ ಒಂದೇ ಟಕ್ ಅಂದ್ರೆ ಸಾಲಿನಾಯ್ಡ್ (ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡೋ ದೊಡ್ಡ ಸ್ವಿಚ್) ಎಳ್ಕೊಂಡಿದೆ, ಆದ್ರೆ ಮೋಟರ್‌ಗೆ ಕರೆಂಟ್ ದಾಟ್ತಿಲ್ಲ. ಸಾಲಿನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸವೆದಿರುತ್ತೆ ಇಲ್ಲ ಸೆಲ್ಫ್ ಮೋಟರ್ ಬ್ರಷ್ ಮುಗಿದಿರುತ್ತೆ. ಲೈಟ್ ಪೂರ್ತಿ ಬತ್ತೋಗಿ ಟಕ್ ಅಂದಿದ್ರೆ ಬ್ಯಾಟರಿ, ಟರ್ಮಿನಲ್, ಇಲ್ಲ ಮೋಟರ್ ಜಾಮ್ ಅಂತಿದ್ದೆ. ಬಿಚ್ಚೋ ಮುಂಚೆ ಒಂದು ಕೆಲಸ ಮಾಡಿ, ಮೀಟರನ್ನ ವೋಲ್ಟಲ್ಲಿಟ್ಟು ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ತಲೆಗೆ (ಕ್ಲಾಂಪಿಗಲ್ಲ, ಸೀಸದ ತಲೆಗೇ), ಇನ್ನೊಂದು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೀರಿ, ಇಂಜಿನ್ ತಿರುಗುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರ್ಸಿದ್ರೆ ಅರ್ತ್ ಕೇಬಲ್ ಕಡೇನೂ ತೊಂದ್ರೆ ಇದೆ. ಇಲ್ಲಿ ಬೆರೆಸ್ಬೇಡಿ, ಬೇರೆ ಪ್ರಶ್ನೆ ಹಾಕಿ, ಅಲ್ಲಿ ಮಾತಾಡೋಣ.

ಹಳೇ_ಆರ್ಮೇಚರ್:

ತಮ್ಮಾ, ಮೀಟರ್ ಹಿಡಿಯೂದು ಒಳ್ಳೇದ ಐತಿ, ಆದ್ರ ಮೊದಲ ಕಿವಿ ಹಿಡೀಬೇಕು. ಒಂದ್ ಎರಡ್ ಮೂರ್ ಅಡಿ ರಬ್ಬರ್ ಪೈಪ್ ತಗೊಂಡು, ಒಂದ್ ತುದಿ ಕಿವ್ಯಾಗ ಹಿಡಕೊಂಡು ಇನ್ನೊಂದ್ ತುದಿ ಡ್ಯಾಶ್‌ಬೋರ್ಡ್ ಕೆಳಗ ಮೆಲ್ಲಕ ಅಡ್ಡಾಡಸ್ರಿ. ಒಂದ್ ಗೇಣು ಈ ಕಡೆ ಆ ಕಡೆ ಸರಸಿದ್ರ ಸದ್ದು ಸಣ್ಣದು ದೊಡ್ಡದು ಆಗತೈತಿ. ಇಲ್ಲಂದ್ರ ರಿಲೇ ಮ್ಯಾಲೆ ಬೆರಳ ಇಟಗೊಂಡು ಕುಂದರ್ರಿ, ಕ್ಲಿಕ್ ಅಂದಾಗ ಬೆರಳಿಗೆ ನಾಡಿ ಬಡದಂಗ ಗೊತ್ತಾಗತೈತಿ. ಅದು ಬಿಟ್ಟು ಒಂದೊಂದ ಹೊಸಾ ರಿಲೇ ತಂದು ಹಾಕಕೋಂತ ಕುಂತ್ರ ಅಂಗಡಿಯಂವಾ ಉದ್ಧಾರ ಆಗತಾನ ಅಷ್ಟ.

ಕ್ಲಿಕ್ ಅಂದ್ರ ಎಲ್ಲಾ ರಿಲೇನ ಅಲ್ಲ ಮತ್ತ. ಹೀಟರ್ ಗಾಳಿ ಬಾಗಲಾ ತಿರಗಸೂ ಸಣ್ಣ ಮೋಟರ್ ಇರತೈತಿ, ಅದರ ಪ್ಲಾಸ್ಟಿಕ್ ಹಲ್ಲು ಮುರದಿದ್ರ ಟಕ್ ಟಕ್ ಟಕ್ ಅಂತ ಒಂದ ತಾಳದಾಗ ಹತ್ತ ಹದಿನೈದ ಸೆಕೆಂಡ್ ಬಡದು ನಿಂದರತೈತಿ. ಅದು ಕೀ ಹಾಕಿದಾಗ, ಇಲ್ಲಾ ಏಸಿ ಗುಂಡಿ ತಿರಿವಿದಾಗ. ಇಂಜಿನ್ ಕಡೆ ಪೆಟ್ರೋಲ್ ಹಬೆ ಎಳಿಯೂ ಪರ್ಜ್ ವಾಲ್ವ್ ಟಿಕಿ ಟಿಕಿ ಅಂತಿರತೈತಿ, ಅದು ಖರೇನ ಅದರ ಕೆಲಸ, ರೋಗ ಅಲ್ಲ. ಪ್ಲಗ್ ವೈರ್ ಸೀಳಿ ಕಿಡಿ ಬಾಡಿಗೆ ಹಾರಾಕತ್ತಿದ್ರ ಟಿಕ್ ಟಿಕ್ ಸದ್ದು ಇಂಜಿನ್ ಜೋಡೀನ ಓಡತೈತಿ, ಎಕ್ಸಲೇಟರ್ ಒತ್ತಿದ್ರ ಜೋರಾಗತೈತಿ. ಕತ್ತಲದಾಗ ಬಾನೆಟ್ ಎತ್ತಿ ನೋಡಿದ್ರ ನೀಲಿ ಕಿಡಿ ಕಣ್ಣಿಗೆ ಕಾಣತೈತಿ, ಕೈ ಮಾತ್ರ ಹಚ್ಚಬ್ಯಾಡ್ರಿ, ಇಪ್ಪತ್ತ ಸಾವಿರ ವೋಲ್ಟ್ ದಾಟಿರತೈತಿ. ಗಾಡಿ ಈಗರ ನಿಲ್ಲಿಸಿದ್ದಿದ್ರ ಸೈಲೆನ್ಸರ್ ಪೈಪ್ ಆರೂ ಮುಂದ ಟಣ್ ಟಿಣ್ ಅಂತೈತಿ, ತಣ್ಣಗಾದಂಗ ಸಾವಕಾಶ ಆಗತೈತಿ, ಅದಕ್ಕೂ ಹೆದರಿ ಬಂದವ್ರು ಅದಾರ ನನ್ನ ಹತ್ರ.

ಹಿಂದ ಮೋರಿಸ್ ಮೈನರ್ ಕಾರಿನ ಕಾಲದಾಗ ಎಸ್‌ಯು ಕಂಪನಿ ಕರೆಂಟಿನ ಪೆಟ್ರೋಲ್ ಪಂಪ್ ಇರತಿತ್ತು. ಕೀ ಹಾಕಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಜೋರ ಬಡದು, ಕಾರ್ಬ್ಯುರೇಟರ್ ತುಂಬಿತಂದ್ರ ಸುಮ್ಮನಾಗತಿತ್ತು. ಇಂಜಿನ್ ಬಂದ್ ಇದ್ದಾಗ್ಲೂ ಬಡೀಯೂದು ನಿಲ್ಲಲಿಲ್ಲಂದ್ರ ಎಲ್ಲೋ ಪೆಟ್ರೋಲ್ ಸೋರಾಕತ್ತೈತಿ, ಇಲ್ಲಾ ಟ್ಯಾಂಕ್ ಕಡೆಯಿಂದ ಗಾಳಿ ಎಳ್ಯಾಕತ್ತೈತಿ ಅಂತ ಅರ್ಥ. ಸದ್ದಿನ ತಾಳಾನ ರೋಗ ಹೇಳತಿತ್ತು. ಅದಕ್ಕ ನಾ ಕೇಳೂದು ಇಷ್ಟ: ನಿಮ್ಮ ಟಿಕ್ಕಿಗೂ ಟಕ್ಕಿಗೂ ನಡಕ ಎಷ್ಟ ಹೊತ್ತು? ಪ್ರತಿ ಸಲ ಅಷ್ಟ ಇರತೈತೋ, ಹೆಚ್ಚು ಕಮ್ಮಿ ಆಗತೈತೋ?

ಹಳೇಗಾಡಿ_03:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಮಧ್ಯಾಹ್ನ ಪೂರ್ತಿ ಇದರಲ್ಲೇ ಹೋಯ್ತು, ರಿಪೋರ್ಟ್ ಹೇಳ್ತೀನಿ.

ಅಜ್ಜಾರೆ, ನಿಮ್ಮ ಪೈಪ್ ಐಡಿಯಾ ಸೂಪರ್. ಫ್ಯೂಸ್ ಬಾಕ್ಸ್ ಹತ್ರ ಅಲ್ವೇ ಅಲ್ಲ ಸದ್ದು! ಅದಕ್ಕಿಂತ ಮೇಲೆ, ಸ್ಟೀರಿಂಗ್ ರಾಡ್ ಪಕ್ಕ ಒಳಗೆ ಎಲ್ಲೋ. ಅಲ್ಲಿಗೆ ಕೈ ಹೋಗಲ್ಲ, ಕೆಳಗಿನ ಪ್ಲಾಸ್ಟಿಕ್ ಬಿಚ್ಚಬೇಕು. ಅಂದ್ರೆ ನಾನು ಬದಲಾಯ್ಸಿದ ಎರಡು ರಿಲೇನೂ ದಂಡ. ಮೊಬೈಲಲ್ಲಿ ಸದ್ದು ರೆಕಾರ್ಡ್ ಮಾಡಿ ಕಂಪ್ಯೂಟರಲ್ಲಿ ಹಾಕಿ ಅಳೆದೆ, ಟಿಕ್‌ಗೂ ಟಕ್‌ಗೂ ಮಧ್ಯೆ ಹತ್ರ ಹತ್ರ ಅರ್ಧ ಸೆಕೆಂಡು. ಹದಿನಾಲ್ಕು ಜೋಡಿ ನೋಡ್ದೆ, ಎಲ್ಲಾ ಹೆಚ್ಚು ಕಮ್ಮಿ ಅಷ್ಟೇ. ಆದ್ರೆ ಒಂದು ಜೋಡಿಗೂ ಇನ್ನೊಂದು ಜೋಡಿಗೂ ಮಧ್ಯೆ ಲೆಕ್ಕನೇ ಇಲ್ಲ, ಒಂದ್ಸಲ ಎರಡು ಸೆಕೆಂಡು, ಒಂದ್ಸಲ ನಾಲ್ಕು ನಿಮಿಷ.

ಕರೆಂಟ್: ಸುಮ್ನಿದ್ದಾಗ 28 ಮಿಲಿಆಂಪಿಯರ್. ಟಿಕ್ ಅಂದಾಗ 210 ತನಕ ಹೋಗಿ ಟಕ್ ಅಂದ ಮೇಲೆ ವಾಪಸ್ 28. ನನ್ನ ಮೀಟರಲ್ಲಿ ಮ್ಯಾಕ್ಸ್ ಹಿಡಿಯೋ ಬಟನ್ ಇದ್ದಿದ್ದಕ್ಕೆ ಸಿಕ್ತು, ಇಲ್ಲಾಂದ್ರೆ ಅಂಕಿ ಕಣ್ಣಿಗೆ ಬೀಳೋ ಮುಂಚೆ ಹೋಗಿರುತ್ತೆ.

ಫ್ಯೂಸ್: ಒಂಬತ್ತನೇದು ಕಿತ್ತಾಗ ಸದ್ದು ನಿಂತೋಯ್ತು. ವಾಪಸ್ ಹಾಕಿದ ತಕ್ಷಣ ಒಂದು ಟಿಕ್-ಟಕ್. ಮುಚ್ಚಳದ ಮೇಲಿನ ಚಿತ್ರದ ಪ್ರಕಾರ ಅದು ರೂಮ್ ಲೈಟು, ಗಡಿಯಾರ, ಸ್ಟೀರಿಯೋ ಮೆಮೊರಿ. ಈ ಮೂರಲ್ಲಿ ರಿಲೇ ಎಲ್ಲಿಂದ ಬಂತು? ಸ್ಟೀರಿಯೋ ಕಿತ್ತು ಹೊರಗಿಟ್ಟೂ ನೋಡ್ದೆ, ಬಡ್ಕೊಳ್ತಾನೇ ಇದೆ.

ವೈರಿಂಗ್_ಹುಳ:

ಒಳ್ಳೇ ಕೆಲಸ ಮಾಡಿದೀರ, ನಿಜವಾಗ್ಲೂ. 28ರಿಂದ 210 ಅಂದ್ರೆ 180 ಚಿಲ್ಲರೆ ಜಾಸ್ತಿ. 12.6 ವೋಲ್ಟನ್ನ 70 ಓಮ್‌ನಿಂದ ಭಾಗ್ಸಿ ನೋಡಿ, 180 ಮಿಲಿಆಂಪಿಯರ್. ಕಾರಿನ ಸಾಮಾನ್ಯ ರಿಲೇ ಕಾಯಿಲ್ ಕರೆಂಟಿಗೆ ಒಡ್ಡೋ ತಡೆ ಹೆಚ್ಚು ಕಮ್ಮಿ ಆ 70 ಓಮೇ ಇರುತ್ತೆ. ಅಂದ್ರೆ ಒಂದು ಕಾಯಿಲ್ ಎಳ್ಕೋತಿದೆ, ಅದರ ಹಿಂದೆ ಲೋಡ್ ಏನೂ ಇಲ್ಲ. ಲೈಟೋ ಮೋಟರ್ರೋ ಇದ್ದಿದ್ರೆ ಆಂಪಿಯರ್‌ಗಟ್ಲೆ ಹಾರ್ತಿತ್ತು. ಖಾಲಿ ಕೈ ಆಡಿಸ್ತಿರೋ ರಿಲೇ ಇದು.

ಅರ್ಧ ಸೆಕೆಂಡ್ ಪಕ್ಕಾ ಬರ್ತಿದೆ ಅಂದ್ರೆ ಅದು ಲೂಸ್ ಕಾಂಟ್ಯಾಕ್ಟ್ ಸದ್ದಲ್ಲ. ಲೂಸ್ ಇದ್ರೆ ಟಿಕ್ಕಿಗೂ ಟಕ್ಕಿಗೂ ಮಧ್ಯದ ಟೈಮೂ ಹುಚ್ಚುಚ್ಚಾಗಿರುತ್ತೆ. ಇಲ್ಲಿ ಕರೆಯೋನು ಹುಚ್ಚ, ಆದ್ರೆ ಕರೆದಾಗೆಲ್ಲ ಅರ್ಧ ಸೆಕೆಂಡ್ ಎಳ್ಕೊಂಡು ಬಿಡೋಕೆ ಒಂದು ಟೈಮರ್ ಮಧ್ಯೆ ಕೂತಿದೆ. ಗಾಡೀಲಿ ಅರ್ಧ ಸೆಕೆಂಡ್ ಕರೆಂಟ್ ಕೊಟ್ಟು ಕಟ್ ಮಾಡೋ ವಸ್ತು ಯಾವ್ದು ಯೋಚ್ನೆ ಮಾಡಿ.

ನಾನು ಮೊದಲೇ ಕೇಳಿದ್ದೆ, ಹೊರಗಡೆ ಏನಾದ್ರೂ ಹಾಕ್ಸಿದಾರಾ ಅಂತ. ಉತ್ತರ ಬರ್ಲಿಲ್ಲ.

ಹಳೇಗಾಡಿ_03:

ಅಯ್ಯೋ ಸಾರಿ ಸರ್, ಅದು ಕಣ್ಣು ತಪ್ಪಿತು. ಸೆಂಟ್ರಲ್ ಲಾಕಿಂಗ್ ಇತ್ತು, ಹಿಂದಿನ ಓನರ್ ಹೊರಗಡೆ ಹಾಕ್ಸಿದ್ದು. "ಇತ್ತು" ಯಾಕಂದ್ರೆ ಒಂದು ವರ್ಷದ ಹಿಂದೆ ಅದು ತನ್ನಷ್ಟಕ್ಕೆ ತಾನೇ ಲಾಕ್ ಅನ್‌ಲಾಕ್ ಮಾಡ್ಕೊಳ್ಳಕ್ಕೆ ಶುರು ಮಾಡ್ತು, ಒಂದ್ಸಲ ಕೀ ಒಳಗೇ ಇದ್ದಾಗ ಲಾಕ್ ಆಗಿ ಮಾನ ಹೋಯ್ತು. ಒಬ್ರು ಮೆಕ್ಯಾನಿಕ್ ಹತ್ರ ತೋರಿಸ್ದೆ, ಅವ್ರು ಇದರ ಮೋಟರ್ ಹೋಗಿದೆ, ತೆಗೆದಾಕಿದೀನಿ, ಇನ್ಮೇಲೆ ಕೈಯಲ್ಲೇ ಲಾಕ್ ಮಾಡ್ಕೊಳ್ಳಿ ಅಂದ್ರು. ಅವತ್ತಿಂದ ಕೀ ಹಾಕಿ ಒಂದೊಂದು ಬಾಗ್ಲೂ ಕೈಯಲ್ಲೇ. ತೆಗೆದಾಕಿದ ಮೇಲೆ ಅದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಹೇಳ್ಲಿಲ್ಲ.

ಸ್ಪಾನರ್_10:

ಅರ್ಧ ವಿಷ್ಯ ಹೇಳಿದ್ರೆ ಅರ್ಧ ಉತ್ತರ ಅಂತ ಶುರುವಲ್ಲೇ ಬರ್ದಿದ್ದು ಯಾರು ಗುರು 😄

ವೈರಿಂಗ್_ಹುಳ:

ಸಿಕ್ತು ಬಿಡಿ ಕಳ್ಳ. ಅವ್ರು "ತೆಗೆದಾಕಿದೀನಿ" ಅಂದಿದ್ದು ಬಹುಶಃ ಕಂಟ್ರೋಲ್ ಬಾಕ್ಸಿಂದ ಬಾಗ್ಲು ಮೋಟರ್‌ಗಳಿಗೆ ಹೋಗೋ ಕನೆಕ್ಟರ್ ಮಾತ್ರ. ಬಾಕ್ಸು ಒಳಗೇ ಇದೆ, ಅದಕ್ಕೆ ಕರೆಂಟೂ ಇದೆ (ಫಿಟ್ ಮಾಡಿದವ್ರು ರೂಮ್ ಲೈಟ್ ಫ್ಯೂಸಿಂದ ಕದ್ದಿರ್ತಾರೆ, ಯಾವಾಗ್ಲೂ ಕರೆಂಟ್ ಇರೋ ವೈರು ಹತ್ರದಲ್ಲಿ ಸಿಗೋದು ಅದೇ). ಲಾಕ್‌ಗೊಂದು ಅನ್‌ಲಾಕ್‌ಗೊಂದು ಅಂತ ಒಳಗೆ ಎರಡು ರಿಲೇ. ಡ್ರೈವರ್ ಬಾಗಿಲಲ್ಲಿರೋ ಮೋಟರ್‌ಗೆ ಐದು ವೈರು ಇರುತ್ತೆ, ಬೇರೆ ಬಾಗ್ಲಿಗೆ ಎರಡೆರಡೇ. ಡ್ರೈವರ್ ಕಡೆ ಜಾಸ್ತಿ ಇರೋ ಮೂರು ಸಣ್ಣ ವೈರು ಯಾತಕ್ಕೆ ಅಂದ್ರೆ, ನೀವು ಲಾಕ್ ಒತ್ತಿದ್ರಾ ಎತ್ತಿದ್ರಾ ಅಂತ ಬಾಕ್ಸಿಗೆ ಸುದ್ದಿ ಮುಟ್ಸಕ್ಕೆ. ಒಂದು ಅರ್ತು, ಉಳಿದ ಎರಡರಲ್ಲಿ ಯಾವ್ದು ಅರ್ತಿಗೆ ತಾಗುತ್ತೋ ಅದರ ಪ್ರಕಾರ ಬಾಕ್ಸ್ ಅರ್ಧ ಸೆಕೆಂಡ್ ರಿಲೇ ಎಳೆಯುತ್ತೆ. ಈಗ ಆ ಸಣ್ಣ ವೈರುಗಳು ಎಲ್ಲೋ ಸಿಪ್ಪೆ ಬಿಟ್ಟು ಒಂದಕ್ಕೊಂದು ತಾಗ್ತಿವೆ, ಬಾಕ್ಸು ಪಾಪ ಲಾಕ್ ಮಾಡು ಅಂತ ಯಾರೋ ಹೇಳಿದ್ರು ಅನ್ಕೊಂಡು ರಿಲೇ ಎಳೀತಿದೆ, ಅತ್ಲಾಗೆ ಮೋಟರೇ ಇಲ್ಲ.

ಇನ್ನೂ ಒಂದು. ವರ್ಷದ ಹಿಂದೆ ತನ್ನಷ್ಟಕ್ಕೆ ಲಾಕ್ ಆಗ್ತಿತ್ತಲ್ಲ, ಅದೂ ಇದೇ ಕಾಯಿಲೆ. ಮೋಟರ್ ಹೋಗಿದ್ರೆ ಲಾಕೇ ಆಗ್ತಿರ್ಲಿಲ್ಲ.

ಹಳೇ_ಆರ್ಮೇಚರ್:

ಬರೋಬ್ಬರಿ ಹೇಳಿದ್ರಿ. ಡ್ರೈವರ್ ಬಾಗಲಕ್ಕೂ ಬಾಡಿಗೂ ನಡಕ ಮಡಿಕಿ ಮಡಿಕಿ ಕರೇ ರಬ್ಬರ್ ಬೂಟ್ ಇರತೈತಿ ನೋಡ್ರಿ, ವೈರ್ ಎಲ್ಲಾ ಅದರೊಳಗಿಂದ ಹಾಯತಾವ. ದಿನಕ್ಕ ಹತ್ತ ಸಲ ಬಾಗಲಾ ತಗದು ಹಾಕಿದ್ರ ಇಪ್ಪತ್ತ ವರ್ಷಕ್ಕ ಎಷ್ಟ ಸಲ ಮಡಚಿತು ಲೆಕ್ಕಾ ಹಾಕ್ರಿ. ಡ್ರೈವರ್ ಬಾಗಲದಾಗ ಮೊದಲ ಹರಿಯೂದು, ಯಾಕಂದ್ರ ತಗಿಯೂದು ಹೆಚ್ಚು ಅದನ್ನ. ಹೊರಗ ಫಿಟ್ ಮಾಡಿದವ್ರು ಬೂಟ್ ಒಳಗ ಹಾಕೂ ತ್ರಾಸ ತಗೊಳ್ಳಾರದ ಕಬ್ಬಣದ ಸಂದಿಯೊಳಗ ಬಿಟ್ಟಿದ್ರಂತೂ ಮುಗೀತು. ಮಳಿ ನೀರು ಹೊಕ್ಕಿತಂದ್ರ ಹರದ ವೈರಿನ ನಡಕ ನೀರ ಸೇತುವಿ ಕಟ್ಟತೈತಿ, ತಾಮ್ರ ಹಸರ ಆಗತೈತಿ. ಮಳ್ಯಾಗ ಹೆಚ್ಚು ಅಂದಿದ್ರೆಲ್ಲಾ, ಅದಕ್ಕ.

ಈಗ ಪ್ಲಾಸ್ಟಿಕ್ ಬಿಚ್ಚೂದೇನೂ ಬ್ಯಾಡ. ಬಾಗಲಾ ಅರ್ಧ ತಗೀರಿ, ಆ ಬೂಟ್ ಹಿಡದು ಮೆಲ್ಲಕ ಹಿಚಕ್ರಿ, ತಿರವ್ರಿ. ಒಳಗ ಟಿಕ್ ಟಕ್ ಅಂದ್ರ ನಂಬ್ರಿ.

ಲೆಕ್ಕ_ಪಕ್ಕಾ:

ಕ್ಲಿಕ್ ವಿಷ್ಯ ಒಪ್ಪಿದೆ. ಆದ್ರೆ ಬ್ಯಾಟರಿ ಇಳಿಯೋದಕ್ಕೂ ಇದೇ ಕಾರಣ ಅಂತ ಹಳೇಗಾಡಿ ಅವ್ರು ಹೇಳಿದ್ದು ಯಾರೂ ಪ್ರಶ್ನೆ ಮಾಡ್ಲಿಲ್ಲ, ಅದು ಲೆಕ್ಕಕ್ಕೆ ಬರಲ್ಲ. ದಿನಕ್ಕೆ ಸಾವಿರ ಸಲ ಬಡ್ಕೊಂಡ್ರೂ ಸಾವಿರ ಸಲ ಅರ್ಧ ಸೆಕೆಂಡು, ಅಂದ್ರೆ 500 ಸೆಕೆಂಡು, 0.18 ಆಂಪಿಯರ್‌ನಂತೆ 90 ಆಂಪಿಯರ್-ಸೆಕೆಂಡು, 3600ರಿಂದ ಭಾಗ್ಸಿದ್ರೆ 0.025 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದ್ರೆ ಒಂದು ಆಂಪಿಯರ್-ಅವರ್). ಏನೇನೂ ಅಲ್ಲ. ಸುಮ್ನಿದ್ದಾಗ ಹೋಗೋ 28 ಮಿಲಿಆಂಪಿಯರ್ ದಿನಕ್ಕೆ 0.67, ಮೂರು ದಿನಕ್ಕೆ ಎರಡು ಆಂಪಿಯರ್-ಅವರ್. 35 ಆಂಪಿಯರ್-ಅವರ್ ಬ್ಯಾಟರಿ ಆರೋಗ್ಯವಾಗಿದ್ರೆ ಇದು ಅದರ ಗಮನಕ್ಕೂ ಬರಲ್ಲ, ವಾರಗಟ್ಲೆ ನಿಲ್ಲುತ್ತೆ. ಹಂಗಾಗಿ ನಿಮ್ಮತ್ರ ಇರೋದು ಎರಡು ರೋಗ, ಒಂದಕ್ಕೊಂದು ಸಂಬಂಧ ಇಲ್ಲ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಬಿಚ್ಚಿ, ರಾತ್ರಿಯಿಡೀ ಗಾಡಿಗೆ ಸೇರ್ಸದೆ ಹಂಗೇ ಬಿಡಿ. ಬೆಳಗ್ಗೆ 12.6ರ ಹತ್ರ ಇದ್ರೆ ಸರಿ, 12.2ಕ್ಕೆ ಬಂದ್ರೆ ಅರ್ಧ ಖಾಲಿ, ಗಾಡಿ ಮುಟ್ದೇನೇ ಖಾಲಿ ಆಗಿದೆ ಅಂದ್ರೆ ಒಳಗೇ ಸೋರ್ತಿದೆ ಅಂತ. ಆಮೇಲೆ ಮತ್ತೆ ಸೇರ್ಸಿ ಸೆಲ್ಫ್ ಹೊಡೆಯುವಾಗ ವೋಲ್ಟ್ ನೋಡಿ, 9.6ಕ್ಕಿಂತ ಕೆಳಗೆ ಹೋಗ್ಬಾರ್ದು.

ಹಳೇಗಾಡಿ_03:

ನಾಲ್ಕು ದಿನ ಆಯ್ತು, ಈಗ ಬರೀತಿದೀನಿ.

ಅಜ್ಜಾರು ಹೇಳ್ದಂಗೆ ಬಾಗ್ಲು ಅರ್ಧ ತೆಗೆದು ಬೂಟ್ ಹಿಚುಕಿದೆ. ಒಂದೇ ಸಲಕ್ಕೆ ಟಿಕ್-ಟಕ್ ಟಿಕ್-ಟಕ್ ಟಿಕ್-ಟಕ್!! ಮೂರು ವಾರ ಕಾಡಿದ ಸದ್ದು ನನ್ನ ಕೈ ಹೇಳಿದಂಗೆ ಕುಣೀತಿತ್ತು, ನಂಬ್ತೀರೋ ಇಲ್ವೋ ಐದ್ ನಿಮಿಷ ಸುಮ್ನೆ ಅದನ್ನೇ ಮಾಡ್ಕೊಂಡು ನಿಂತಿದ್ದೆ. ಆಮೇಲೆ ಬೂಟ್‌ನ ಬಾಡಿ ಕಡೆಯಿಂದ ಎಬ್ಬಿಸಿ ಹಿಂದಕ್ಕೆ ಮಡಚಿ ನೋಡಿದ್ರೆ ಬಿಳಿ ವೈರು ಸಿಪ್ಪೆ ಪೂರ್ತಿ ಹೋಗಿದೆ, ಕಂದು ವೈರಲ್ಲಿ ಎರಡು ಮೂರು ಎಳೆ ಮಾತ್ರ ಉಳಿದಿದೆ, ಪಕ್ಕದ ಕಪ್ಪು ಅರ್ತ್ ವೈರೂ ಬಿರುಕು ಬಿಟ್ಟಿದೆ. ಬೂಟ್ ಅಡೀಲಿ ಒಂದು ಸೀಳು, ಒಳಗೆ ತೇವ, ತಾಮ್ರ ಹಸಿರು ಹಸಿರು. ಅಕ್ಷರಕ್ಕಕ್ಷರ ನೀವು ಹೇಳ್ದಂಗೇ. ಪವರ್ ವಿಂಡೋ ವೈರುಗಳು ದಪ್ಪ ಇರೋದ್ರಿಂದ ಬಚಾವಾಗಿವೆ, ಒಂದರಲ್ಲಿ ಮಾತ್ರ ಸಣ್ಣ ಬಿರುಕು ಕಾಣ್ತಿದೆ.

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ಕೂ ಬಿಚ್ದೆ, ಕುತೂಹಲ ತಡೀಲಿಲ್ಲ. ಒಂದು ಕಪ್ಪು ಡಬ್ಬಿ ಟೇಪ್ ಸುತ್ಕೊಂಡು ನೇತಾಡ್ತಿತ್ತು, ಮೋಟರ್ ಕಡೆ ಕನೆಕ್ಟರ್ ಬಿಚ್ಚಿ ಹಂಗೇ ಬಿಟ್ಟಿದಾರೆ, ಬೇರೆಲ್ಲ ಇದ್ದಂಗೇ ಇದೆ. ಸದ್ಯಕ್ಕೆ ಡಬ್ಬಿಯ ಕರೆಂಟ್ ಕನೆಕ್ಟರನ್ನೂ ಬಿಚ್ಚಿದೀನಿ. ಸದ್ದು ಸಂಪೂರ್ಣ ಬಂದ್. 28 ಇದ್ದಿದ್ದು 19ಕ್ಕೆ ಬಂದಿದೆ.

ಬ್ಯಾಟರಿ: ಚಾರ್ಜ್ ಮಾಡಿ ಬಿಚ್ಚಿಟ್ಟಾಗ ಸಂಜೆ 12.58, ಬೆಳಗ್ಗೆ 12.13. ಸೆಲ್ಫ್ ಹೊಡೆದಾಗ 8.3. ಸ್ಟಿಕರ್ ಒರೆಸಿ ತಾರೀಖು ನೋಡಿದ್ರೆ ಆರು ವರ್ಷ ಹಳೇದು. ಹೊಸದು ಹಾಕ್ಸಿದೆ.

ಈಗ ನನ್ನ ಪ್ರಶ್ನೆ, ವೈರು ಜೋಡ್ಸಿ ಸೆಂಟ್ರಲ್ ಲಾಕಿಂಗ್ ವಾಪಸ್ ಬರ್ಸೋ ಆಸೆ ಬಂದಿದೆ. ಬೂಟ್ ಒಳಗೇ ಸೋಲ್ಡರ್ ಮಾಡಿ ಟೇಪ್ ಸುತ್ತಿದ್ರೆ ಸಾಕಾ?

ಸ್ಪಾನರ್_10:

ಎರಡನೇ ಕಾಮೆಂಟ್ ಯಾರ್ದು ಅಂತ ಒಂದ್ಸಲ ಮೇಲೆ ಹೋಗಿ ನೋಡ್ಕೊಂಡ್ ಬನ್ನಿ ಎಲ್ರೂ.

ವೈರಿಂಗ್_ಹುಳ:

@ಸ್ಪಾನರ್_10 ಉತ್ತರ ಸರಿ, ಪ್ರಶ್ನೆ ಬೇರೆದು 😀

@ಹಳೇಗಾಡಿ_03 ಬೂಟ್ ಒಳಗೆ ಸೋಲ್ಡರ್ ಬೇಡ. ಸೋಲ್ಡರ್ ಇಳಿದ ಕಡೆ ವೈರು ಕಡ್ಡಿ ಥರ ಗಟ್ಟಿಯಾಗುತ್ತೆ, ಗಟ್ಟಿ ಮುಗಿದು ಮೆತ್ತಗೆ ಶುರುವಾಗೋ ಜಾಗದಲ್ಲೇ ಮಡಚಿ ಮಡಚಿ ಮತ್ತೆ ಮುರಿಯುತ್ತೆ, ಆರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬರ್ತೀರ. ಮಡಚೋ ಭಾಗಕ್ಕೆ ಜಾಯಿಂಟೇ ಇಲ್ಲದ ಹೊಸ ವೈರು ಹಾಕಿ, ಸಣ್ಣ ಸಣ್ಣ ಎಳೆ ಜಾಸ್ತಿ ಇರೋ ಮೆತ್ತನೆ ವೈರು, ಒಂದು ಗೇಣು ಜಾಸ್ತಿನೇ ಇರ್ಲಿ. ಜಾಯಿಂಟ್ ಒಂದು ಬಾಗಿಲ ಒಳಗೆ, ಇನ್ನೊಂದು ಡ್ಯಾಶ್‌ಬೋರ್ಡ್ ಕಡೆ ಬರ್ಲಿ. ಕ್ರಿಂಪ್ ಮಾಡಿ (ವೈರಿನ ತುದಿಗಳನ್ನ ಲೋಹದ ಕೊಳವೇಲಿಟ್ಟು ಒತ್ತಿ ಬಿಗಿ ಮಾಡೋದು) ಹೀಟ್ ಶ್ರಿಂಕ್ ತೋಳು (ಬಿಸಿ ಮಾಡಿದ್ರೆ ಕುಗ್ಗಿ ಅಪ್ಪಿಕೊಳ್ಳೋ ಕೊಳವೆ) ಹಾಕಿ, ಬರೀ ಟೇಪ್ ಸುತ್ತಿದ್ರೆ ಬಿಸಿಲಿಗೆ ಗೋಂದು ಕರಗಿ ಜಾರುತ್ತೆ. ಎಲ್ಲಾ ಜಾಯಿಂಟ್ ಒಂದೇ ಮಟ್ಟದಲ್ಲಿ ಬರ್ದಂಗೆ ಹಿಂದೆ ಮುಂದೆ ಮಾಡಿ, ಇಲ್ಲಾಂದ್ರೆ ಅಲ್ಲೇ ಗಂಟು ದಪ್ಪ ಆಗುತ್ತೆ. ಹಸಿರು ಹತ್ತಿದ ತಾಮ್ರವನ್ನ ಹೊಳೆಯೋ ತಾಮ್ರ ಸಿಗೋವರ್ಗೂ ಹಿಂದಕ್ಕೆ ಕತ್ತರಿಸ್ಬೇಕು, ಹಸಿರಿನ ಮೇಲೆ ಕ್ರಿಂಪ್ ನಿಲ್ಲಲ್ಲ. ಪವರ್ ವಿಂಡೋ ವೈರಲ್ಲಿ ಬಿರುಕು ಅಂದ್ರಲ್ಲ, ಅದನ್ನೂ ಈಗಲೇ ಬದಲಾಯ್ಸಿ, ಅದು ಬಾಡಿಗೆ ತಾಗಿದ್ರೆ ಕ್ಲಿಕ್ ಅಲ್ಲ, ಹೊಗೆ. ಸೀಳಿದ ಬೂಟ್‌ಗೆ ಅಂಟು ಹಚ್ಚಕ್ಕೆ ಹೋಗ್ಬೇಡಿ, ಹಳೇ ರಬ್ಬರ್ ಹಿಡಿಯಲ್ಲ, ಬೇರೆದೇ ಹಾಕಿ.

ಡಬ್ಬಿಗೆ ಕರೆಂಟ್‌ನ ರೂಮ್ ಲೈಟಿಂದ ಕದಿಯೋ ಬದಲು ಬೇರೆ ಫ್ಯೂಸ್ ಹಾಕಿ ತಗೊಳ್ಳಿ, ನಾಲ್ಕು ಬಾಗ್ಲು ಮೋಟರ್ ಒಟ್ಟಿಗೆ ಎಳೆದಾಗ ಆ ಸಣ್ಣ ಫ್ಯೂಸ್‌ಗೆ ಭಾರ. ಇಷ್ಟೆಲ್ಲ ಆದ್ಮೇಲೆ ಡಿಕ್ಕಿ ಬಾಗಿಲಿನ ಬೂಟ್ ಒಂದ್ಸಲ ಹಿಚುಕಿ ನೋಡಿ, ಅದರಲ್ಲಿ ಹಿಂದಿನ ಗಾಜಿನ ವೈಪರ್, ನಂಬರ್ ಪ್ಲೇಟ್ ಲೈಟ್ ವೈರು ಹೋಗುತ್ತೆ, ವಯಸ್ಸು ಅದಕ್ಕೂ ಅಷ್ಟೇ ಆಗಿದೆ.

ಹಳೇಗಾಡಿ_03:

ಹಿಚುಕಿದೆ. ಸದ್ದೇನೂ ಬರ್ಲಿಲ್ಲ, ಆದ್ರೆ ಒಂದು ವರ್ಷದಿಂದ ಉರೀದೆ ಇದ್ದ ನಂಬರ್ ಪ್ಲೇಟ್ ಲೈಟ್ ಹತ್ಕೊಳ್ತು. ಕೈ ಬಿಟ್ಟೆ, ಆರೋಯ್ತು. ಭಾನುವಾರಕ್ಕೆ ಕೆಲಸ ಸಿಕ್ತು.